ಗಣಿತಶಿಕ್ಷಣದಲ್ಲಿ ಲೋಗೋ ಪ್ರಯೋಗ: ಒಂದು ಐತಿಹಾಸಿಕ ಸಮೀಕ್ಷೆ

೧

ಒಂದು ಕಾಲದಲ್ಲಿ ಕೆಲವರ ಸೊತ್ತಾಗಿದ್ದ ವಿದ್ಯೆಯು ಕಾಲಕ್ರಮದಲ್ಲಿ ಹಲವರ ಸೊತ್ತಾಗುವುದು ಹೇಗೆ ಎಂಬುದು ಇತಿಹಾಸದ ವಿದ್ಯಾರ್ಥಿಯು ಅಲಕ್ಷಿಸಬಾರದ ಪ್ರಶ್ನೆ. ರಾಜ್ಯಗಳ ಏಳುಬೀಳುಗಳಷ್ಟು ಸ್ಪಷ್ಟವಾದ ಗುರುತುಗಳನ್ನು ಈ ಬಗೆಯ ಬದಲಾವಣೆಯು ಬಿಟ್ಟುಹೋಗುವುದಿಲ್ಲವಾದರೂ ಜನಜೀವನದ ಮೇಲೆ ಅದರ ಪರಿಣಾಮವು ಕಡಮೆಯದೇನೂ ಅಲ್ಲ. ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿ, ಆ ಶಾಸ್ತ್ರವನ್ನು ದೇಶಭಾಷೆಯನ್ನು ಮಾತ್ರ ಬಲ್ಲವರ ಬಳಿಗೆ ತಂದನು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದುದು, ೧೯೩೬ರಲ್ಲಿ ಶಿವರಾಮ ಕಾರಂತರು ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತುದು, ಇವೆಲ್ಲ ಇದೇ ಪರಂಪರೆಗೆ ಸೇರಿದ ಪ್ರಯತ್ನಗಳು.

ಈ ಪ್ರಯತ್ನಗಳಲ್ಲೆಲ್ಲ ಒಂದು ಸಮಾನವಾದ ಲಕ್ಷಣವನ್ನು ಕಾಣಬಹುದು. ಬಲ್ಲವರೊಬ್ಬರು ತಿಳಿಯಾದ ಮಾತಿನಲ್ಲಿ ಹೇಳುತ್ತಾರೆ. ಅರಿಯದವರು ಓದುತ್ತಾರೆ, ಇಲ್ಲವೆ ಕೇಳುತ್ತಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗಣಕಯಂತ್ರವು ಬಳಕೆಗೆ ಬಂದ ಮೇಲೆ, ಇದಕ್ಕಿಂತ ಭಿನ್ನವಾದ ಇನ್ನೊಂದು ಮಾರ್ಗವನ್ನು ಕೆಲವರು ಹಿಡಿದರು. ಕಲಿಯುವವನಿಗೆ ವಿಷಯವನ್ನು ಹೇಳುವುದಕ್ಕೆ ಬದಲಾಗಿ, ಆ ವಿಷಯವನ್ನು ಅವನೇ ಕಟ್ಟಿನೋಡಲು ಅನುಕೂಲವಾದ ಒಂದು ಸಲಕರಣೆಯನ್ನು ಅವನ ಕೈಗೆ ಕೊಡಬೇಕೆಂಬುದೇ ಆ ಮಾರ್ಗ. ಇಂತಹ ಪ್ರಯತ್ನಗಳಲ್ಲಿ ಮೊದಲಿನದೂ ಮುಖ್ಯವಾದುದೂ ಆದ ‘ಲೋಗೋ’ ಎಂಬುದರ ಹುಟ್ಟು, ಸ್ವರೂಪ, ಅದಕ್ಕೆ ಒದಗಿದ ಗತಿ, ಇವುಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ಗಣಿತಜ್ಞನಲ್ಲ. ಹತ್ತನೆಯ ತರಗತಿಯ ಪರೀಕ್ಷೆಯೊಡನೆ ಗಣಿತಕ್ಕೆ ನಮಸ್ಕಾರ ಹೇಳಿದ ಬಹುಮಂದಿಯಲ್ಲಿ ಅವನೂ ಒಬ್ಬನು. ಆದುದರಿಂದ ಈ ಇತಿಹಾಸವನ್ನು ಬಾಗಿಲಿನ ಹೊರಗೆ ನಿಂತವನ ದೃಷ್ಟಿಯಿಂದ ಬರೆಯಲಾಗಿದೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು.

೨

ಲೋಗೋ ಎಂಬುದು ಗಣಕಯಂತ್ರಕ್ಕೆ ಆಜ್ಞೆಗಳನ್ನು ಕೊಡಲು ರೂಪಿಸಿದ ಒಂದು ಕೃತಕ ಭಾಷೆ. ಇದು ೧೯೬೭ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ, ಬೋಲ್ಟ್ ಬೆರನೆಕ್ ಮತ್ತು ನ್ಯೂಮನ್ ಎಂಬ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡಿತು. ವಾಲೇಸ್ ಫೋರ್ಟ್ಸಿಗ್, ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲಮನ್, ಡೇನಿಯಲ್ ಬಾಬ್ರೋ ಇವರು ಇದರ ನಿರ್ಮಾಪಕರಲ್ಲಿ ಪ್ರಮುಖರು. ಗ್ರೀಕ್ ಭಾಷೆಯಲ್ಲಿ ಮಾತು, ವಿಚಾರ ಎಂಬ ಅರ್ಥಗಳುಳ್ಳ ‘ಲೋಗೋಸ್’ ಶಬ್ದದಿಂದ ಇದಕ್ಕೆ ಹೆಸರು ಬಂದಿತು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಇತರ ಗಣಕಭಾಷೆಗಳು ಬಹುಮಟ್ಟಿಗೆ ಸಂಖ್ಯೆಗಳ ಲೆಕ್ಕಾಚಾರಕ್ಕಾಗಿ, ದೊಡ್ಡವರಿಗಾಗಿ ಹುಟ್ಟಿದುವು. ಲೋಗೋವಾದರೋ ಮಕ್ಕಳಿಗಾಗಿಯೇ ಹುಟ್ಟಿತು.

ಈ ನಾಲ್ವರಲ್ಲಿ ಪೇಪರ್ಟರ ವಿಚಾರಗಳು ಮುಂದಿನ ಇತಿಹಾಸವನ್ನು ಹೆಚ್ಚಾಗಿ ನಿರ್ಧರಿಸಿದುವು. ೧೯೨೮ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಜನಿಸಿದ ಇವರು ಗಣಿತದಲ್ಲಿ ಉನ್ನತ ಶಿಕ್ಷಣವನ್ನು ಪಡೆದು, ೧೯೫೮ರಿಂದ ೧೯೬೩ರವರೆಗೆ ಜಿನೀವದಲ್ಲಿ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯವರೊಡನೆ ಕೆಲಸ ಮಾಡಿದರು. ಮಗುವಿನ ಮನಸ್ಸು ಇತರರು ತುಂಬುವ ಬರಿದಾದ ಪಾತ್ರೆಯಲ್ಲ, ತನ್ನ ಅನುಭವಗಳಿಂದ ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯವರ ಸಿದ್ಧಾಂತದ ತಿರುಳು. ಪೇಪರ್ಟರು ಅದಕ್ಕೆ ಮತ್ತೊಂದು ಅಂಶವನ್ನು ಸೇರಿಸಿದರು. ಕಟ್ಟುವವನಿಗೆ ಸಾಮಗ್ರಿ ಬೇಕು. ಸುತ್ತಲಿನ ಸಂಸ್ಕೃತಿಯಲ್ಲಿ ಸಾಮಗ್ರಿಯು ಸಮೃದ್ಧವಾಗಿರುವ ವಿಷಯಗಳನ್ನು ಮಕ್ಕಳು ತಾವಾಗಿಯೇ ಕಲಿಯುತ್ತಾರೆ, ಇಲ್ಲದುದನ್ನು ಕಷ್ಟಪಟ್ಟು ಕಲಿಯುತ್ತಾರೆ. ಫ್ರಾನ್ಸಿನಲ್ಲಿ ಬೆಳೆದ ಮಗುವಿಗೆ ಫ್ರೆಂಚ್ ಭಾಷೆಯು ಅನಾಯಾಸವಾಗಿ ಬರುವಂತೆ, ಗಣಿತವನ್ನೇ ಆಡುವ ಒಂದು ನಾಡಿದ್ದರೆ ಅಲ್ಲಿನ ಮಕ್ಕಳಿಗೆ ಗಣಿತವೂ ಅನಾಯಾಸವಾಗಿ ಬರಬೇಕಲ್ಲವೆ ಎಂಬುದು ಅವರ ತರ್ಕ. ೧೯೮೦ರಲ್ಲಿ ಪ್ರಕಟವಾದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥದಲ್ಲಿ ಅವರು ಈ ವಿಚಾರವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ತಾವು ಎಳೆಯ ಮಗುವಾಗಿದ್ದಾಗ ಮೋಟಾರುವಾಹನದ ಹಲ್ಲುಚಕ್ರಗಳನ್ನು ಕಂಡು ಮೋಹಗೊಂಡು, ಮುಂದೆ ಗುಣಾಕಾರವನ್ನೂ ಸಮೀಕರಣಗಳನ್ನೂ ಆ ಚಕ್ರಗಳ ಮೂಲಕವೇ ಅರ್ಥಮಾಡಿಕೊಂಡುದನ್ನು ಅದರ ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ.

ಮೊದಲಲ್ಲಿ ಲೋಗೋವಿನಲ್ಲಿ ಚಿತ್ರಗಳಿರಲಿಲ್ಲ. ೧೯೬೮-೬೯ರಲ್ಲಿ ಲೆಕ್ಸಿಂಗ್ಟನ್ನಿನ ಒಂದು ಶಾಲೆಯ ಏಳನೆಯ ತರಗತಿಯ ಮಕ್ಕಳು ಅದರಲ್ಲಿ ಪದಗಳನ್ನೂ ವಾಕ್ಯಗಳನ್ನೂ ಜೋಡಿಸುವ ಆಟಗಳನ್ನು ರಚಿಸಿದರು. ಅನಂತರ ಬಂದುದೇ ‘ಆಮೆ’. ಇದು ನೆಲದ ಮೇಲೆ ಚಲಿಸುತ್ತ, ತನ್ನ ಹೊಟ್ಟೆಯಡಿಯ ಲೇಖನಿಯಿಂದ ಗೆರೆಯನ್ನೆಳೆಯುವ ಒಂದು ಪುಟ್ಟ ಯಂತ್ರ. ೧೯೪೮-೪೯ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗ್ರೇ ವಾಲ್ಟರ್ ಎಂಬ ವಿಜ್ಞಾನಿಯು ಮಿದುಳಿನ ವ್ಯಾಪಾರವನ್ನು ಅಭ್ಯಸಿಸಲು ನಿರ್ಮಿಸಿದ ಯಾಂತ್ರಿಕ ಆಮೆಗಳನ್ನು ಅನುಸರಿಸಿ ಇದಕ್ಕೆ ಈ ಹೆಸರು ಬಂದಿತು. ತರುವಾಯ ಈ ಆಮೆಯು ನೆಲವನ್ನು ಬಿಟ್ಟು ಗಣಕಯಂತ್ರದ ತೆರೆಯನ್ನೇರಿ, ಅಲ್ಲಿ ಒಂದು ಸಣ್ಣ ತ್ರಿಕೋನಾಕಾರದ ಗುರುತಾಗಿ ನೆಲಸಿತು.

೩

ಆಮೆಗೆ ತಿಳಿದಿರುವುದು ಅತ್ಯಲ್ಪ. ತಾನು ಎಲ್ಲಿದ್ದೇನೆ, ಯಾವ ಕಡೆಗೆ ಮುಖಮಾಡಿದ್ದೇನೆ ಎಂಬ ಎರಡು ಸಂಗತಿಗಳೇ ಅದರ ಸರ್ವಸ್ವ. ‘ಮುಂದೆ ೧೦೦’ ಎಂದರೆ ಅದು ನೂರು ಹೆಜ್ಜೆ ನೇರವಾಗಿ ನಡೆಯುತ್ತದೆ. ‘ಬಲಕ್ಕೆ ೯೦’ ಎಂದರೆ ನಿಂತಲ್ಲಿಯೇ ತೊಂಬತ್ತು ಡಿಗ್ರಿ ಬಲಕ್ಕೆ ತಿರುಗುತ್ತದೆ. ಈ ಎರಡು ಆಜ್ಞೆಗಳನ್ನು ನಾಲ್ಕು ಸಲ ಆವರ್ತಿಸಿದರೆ ಚೌಕವು ಮೂಡುತ್ತದೆ.

ಇನ್ನು ಸಮಬಾಹು ತ್ರಿಭುಜವನ್ನು ಬರೆಯಿಸಬೇಕಾದರೆ ಎಷ್ಟು ಡಿಗ್ರಿ ತಿರುಗಿಸಬೇಕು? ಶಾಲೆಯ ಪಾಠವನ್ನು ನೆನಪಿನಲ್ಲಿಟ್ಟವರು ಒಡನೆಯೇ ಅರವತ್ತು ಎನ್ನುತ್ತಾರೆ; ಸಮಬಾಹು ತ್ರಿಭುಜದ ಕೋನವು ಅರವತ್ತು ಡಿಗ್ರಿಯೆಂಬುದು ಎಲ್ಲರೂ ಬಾಯಿಪಾಠ ಮಾಡಿದ ವಿಷಯ. ಆದರೆ ‘ಬಲಕ್ಕೆ ೬೦’ ಎಂದು ಮೂರು ಸಲ ಆಜ್ಞಾಪಿಸಿದಲ್ಲಿ ಗೆರೆಗಳು ಕೂಡಿಕೊಳ್ಳುವುದೇ ಇಲ್ಲ. ಇನ್ನೂ ಮೂರು ಸಲ ಮುಂದುವರಿಸಿದರೆ ತ್ರಿಭುಜವನ್ನು ಬಯಸಿದವನ ಮುಂದೆ ಷಡ್ಭುಜವೊಂದು ನಿಲ್ಲುತ್ತದೆ. ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ನಾವೇ ಆಮೆಯಾಗಿ ನಡೆದುನೋಡಬೇಕು. ಒಂದು ಭುಜದ ತುದಿಯನ್ನು ತಲಪಿದಾಗ ನಮ್ಮ ಮುಖವು ಹೊರಕ್ಕೆ, ಬಂದ ದಿಕ್ಕಿನಲ್ಲಿಯೇ ಇರುತ್ತದೆ. ಆದುದರಿಂದ ನಾವು ತಿರುಗಬೇಕಾದುದು ಒಳಕೋನದಷ್ಟಲ್ಲ, ಹೊರಕೋನದಷ್ಟು. ಎಂದರೆ ನೂರೆಂಬತ್ತರಲ್ಲಿ ಅರವತ್ತನ್ನು ಕಳೆದು ಉಳಿದ ನೂರಿಪ್ಪತ್ತು ಡಿಗ್ರಿ.

ಇಲ್ಲಿಂದ ಒಂದು ಸಾಮಾನ್ಯ ನಿಯಮವು ತಾನಾಗಿಯೇ ಹೊರಡುತ್ತದೆ. ದೇವಾಲಯದ ಪ್ರಾಕಾರದಲ್ಲಿ ಪ್ರದಕ್ಷಿಣೆ ಬರುವವನನ್ನು ನೆನೆಯೋಣ. ಅವನು ನಾಲ್ಕು ಮೂಲೆಗಳಲ್ಲಿ ತೊಂಬತ್ತರಂತೆ ತಿರುಗಿ, ಹೊರಟ ಸ್ಥಳಕ್ಕೆ, ಹೊರಟ ದಿಕ್ಕಿಗೇ ಮುಖಮಾಡಿ ಬಂದು ನಿಂತಾಗ ಅವನ ದೇಹವು ಒಟ್ಟು ಮುನ್ನೂರರುವತ್ತು ಡಿಗ್ರಿ, ಎಂದರೆ ಸರಿಯಾಗಿ ಒಂದು ಸುತ್ತು, ತಿರುಗಿರುತ್ತದೆ. ಪ್ರಾಕಾರಕ್ಕೆ ಮೂರೇ ಮೂಲೆಗಳಿದ್ದರೂ, ಐದಿದ್ದರೂ, ಇಪ್ಪತ್ತಿದ್ದರೂ ಪ್ರದಕ್ಷಿಣೆಯೊಂದರಲ್ಲಿ ದೇಹವು ತಿರುಗುವುದು ಒಂದೇ ಸುತ್ತು. ಹೀಗಾಗಿ ಸಮಪಂಚಭುಜಕ್ಕೆ ಮುನ್ನೂರರುವತ್ತನ್ನು ಐದರಿಂದ ಭಾಗಿಸಿ ಎಪ್ಪತ್ತೆರಡು ಡಿಗ್ರಿ ತಿರುಗಿದರೆ ಸಾಕು. ಒಂದು ಹೆಜ್ಜೆ ನಡೆದು ಒಂದು ಡಿಗ್ರಿ ತಿರುಗುವುದನ್ನು ಮುನ್ನೂರರುವತ್ತು ಸಲ ಮಾಡಿದರೆ ಕಣ್ಣಿಗೆ ವೃತ್ತವೇ ಕಾಣುತ್ತದೆ. ಐದು ಮೊನೆಗಳ ನಕ್ಷತ್ರವನ್ನು ಬರೆಯಲು ಪ್ರತಿ ಮೊನೆಯಲ್ಲಿಯೂ ೧೪೪ ಡಿಗ್ರಿ ತಿರುಗಬೇಕು. ಐದು ಸಲಕ್ಕೆ ೭೨೦ ಆಗುವುದರಿಂದ, ನಕ್ಷತ್ರವನ್ನು ಬರೆಯುವ ಆಮೆಯು ಎರಡು ಸುತ್ತು ತಿರುಗಿತೆಂದು ತಿಳಿಯುತ್ತದೆ.

ಇದು ಮಕ್ಕಳನ್ನು ರಂಜಿಸಲು ಮಾಡಿದ ಬರಿಯ ಆಟವೆಂದು ಭಾವಿಸುವುದು ಸರಿಯಲ್ಲ. ವಕ್ರರೇಖೆಯನ್ನು ಹೊರಗಿನ ಅಕ್ಷಗಳಿಂದ ಅಳೆಯದೆ, ರೇಖೆಯ ಮೇಲೆಯೇ ನಡೆಯುತ್ತ ಪ್ರತಿ ಹೆಜ್ಜೆಗೆ ಎಷ್ಟು ತಿರುವಾಯಿತೆಂದು ನೋಡುವ ಕ್ರಮವು ಉನ್ನತ ಗಣಿತದಲ್ಲಿ ಗೌರವದ ಸ್ಥಾನವನ್ನು ಪಡೆದಿದೆ. ಹೆರಾಲ್ಡ್ ಏಬಲ್ಸನ್ ಮತ್ತು ಆಂಡ್ರಿಯಾ ಡಿಸೆಸ್ಸಾ ಅವರು ೧೯೮೧ರಲ್ಲಿ ಪ್ರಕಟಿಸಿದ ‘ಟರ್ಟಲ್ ಜಿಯೊಮೆಟ್ರಿ’ ಎಂಬ ಗ್ರಂಥವು ಈ ಆಮೆಯನ್ನೇ ಹಿಡಿದು ಬಾಗಿದ ಆಕಾಶದ ಜ್ಯಾಮಿತಿಯವರೆಗೂ ಸಾಗುತ್ತದೆ. ವಿಷಯವನ್ನು ಎಳೆಯರಿಗಾಗಿ ತೆಳುಮಾಡದೆ, ಅದಕ್ಕೆ ಅವರ ದೇಹದ ಅನುಭವದ ಮೂಲಕ ಪ್ರವೇಶವನ್ನು ಕಲ್ಪಿಸಿದುದೇ ಲೋಗೋವಿನ ವೈಶಿಷ್ಟ್ಯ.

ತಪ್ಪಿನ ವಿಷಯದಲ್ಲಿ ಅದು ತಳೆದ ನಿಲುವು ಇನ್ನೂ ಗಮನಾರ್ಹವಾದುದು. ಶಾಲೆಯ ಪುಸ್ತಕದಲ್ಲಿ ತಪ್ಪಾದ ಲೆಕ್ಕಕ್ಕೆ ಕೆಂಪುಗೆರೆ ಬೀಳುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯುತ್ತದೆ. ಆಮೆಯು ತಪ್ಪುದಾರಿಯಲ್ಲಿ ಹೋದಾಗಲಾದರೋ ಯಾರೂ ಗದರಿಸುವುದಿಲ್ಲ. ಗೆರೆ ಎಲ್ಲಿ ಸೊಟ್ಟಗಾಯಿತೆಂಬುದು ಎದುರಿಗೇ ಕಾಣುತ್ತದೆ. ಯಾವ ಆಜ್ಞೆಯನ್ನು ತಿದ್ದಬೇಕೆಂದು ಹುಡುಕುವುದೇ ಮುಂದಿನ ಕೆಲಸವಾಗುತ್ತದೆ. ತಪ್ಪು ಇಲ್ಲಿ ಸೋಲಿನ ಗುರುತಾಗದೆ ಶೋಧನೆಯ ಮೊದಲ ಮೆಟ್ಟಿಲಾಗುತ್ತದೆ. ಗಣಿತವೆಂದರೆ ಅಂಜುವವರಲ್ಲಿ ಬಹುಮಂದಿ ಅಂಜುವುದು ಗಣಿತಕ್ಕಲ್ಲ, ತಪ್ಪಿದಾಗ ಎದುರಾಗುವ ಅವಮಾನಕ್ಕೆ ಎಂಬುದನ್ನು ಅನುಭವದಿಂದ ಬಲ್ಲವರಿಗೆ ಈ ವ್ಯತ್ಯಾಸದ ಬೆಲೆಯು ತಿಳಿಯದಿರದು.

೪

ಇಷ್ಟು ಉದಾತ್ತವಾದ ಆಶಯದಿಂದ ಹೊರಟ ಪ್ರಯತ್ನಕ್ಕೆ ಮುಂದೆ ಒದಗಿದ ಗತಿಯು ವಿಚಾರಾರ್ಹವಾದುದು. ೧೯೮೦ರ ದಶಕದಲ್ಲಿ ಸಣ್ಣ ಗಣಕಯಂತ್ರಗಳು ಶಾಲೆಗಳಿಗೆ ಬಂದುವು. ಅವುಗಳೊಡನೆ ಲೋಗೋವೂ ಹಲವು ದೇಶಗಳ ತರಗತಿಗಳನ್ನು ಪ್ರವೇಶಿಸಿತು. ಲೋಗೋವನ್ನು ಕಲಿತ ಮಗುವಿನ ಬುದ್ಧಿಯು ಎಲ್ಲ ವಿಷಯಗಳಲ್ಲಿಯೂ ಹರಿತವಾಗುವುದೆಂಬ ನಿರೀಕ್ಷೆಯು ಹಬ್ಬಿತು. ಈ ನಿರೀಕ್ಷೆಯನ್ನು ಪರೀಕ್ಷಿಸಲು ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಎಂಬ ಸಂಶೋಧಕರು ಮುಂದಾದರು. ತರಗತಿಯನ್ನು ಅಣಿಗೊಳಿಸುವ ಹಲವು ಸಣ್ಣಪುಟ್ಟ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿದರೆ ಶ್ರಮವು ಉಳಿಯುತ್ತದೆ ಎಂದು ಯೋಜಿಸುವಂತೆ ಅವರು ಮಕ್ಕಳಿಗೆ ಹೇಳಿದರು. ಲೋಗೋವನ್ನು ಕಲಿತ ಮಕ್ಕಳು ಕಲಿಯದವರಿಗಿಂತ ಉತ್ತಮವಾಗಿ ಯೋಜಿಸಲಿಲ್ಲವೆಂದು ೧೯೮೪ರಲ್ಲಿ ಅವರು ವರದಿ ಮಾಡಿದರು. ಇದರಿಂದ ಲೋಗೋವಿನ ಕೀರ್ತಿಗೆ ಬಲವಾದ ಪೆಟ್ಟು ಬಿದ್ದಿತು.

ಪೇಪರ್ಟರು ೧೯೮೭ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಮರದಿಂದ ಒಳ್ಳೆಯ ಮನೆಗಳಾಗುವುವೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಮನೆಯ ಗುಣವು ಕಟ್ಟುವವನನ್ನೂ ಕಟ್ಟುವ ಬಗೆಯನ್ನೂ ಅವಲಂಬಿಸಿದೆ. ಹಾಗೆಯೇ ಲೋಗೋವಿನಿಂದ ಏನಾಗುತ್ತದೆ ಎಂಬ ಪ್ರಶ್ನೆಯೇ ಸರಿಯಾದುದಲ್ಲ ಎಂಬುದು ಅವರ ವಾದದ ಸಾರಾಂಶ. ಈ ವಾದದಲ್ಲಿ ಸತ್ಯವುಂಟು. ಆದರೆ ಇತಿಹಾಸಕಾರನು ಇಷ್ಟಕ್ಕೇ ತೃಪ್ತನಾಗಲಾರನು. ಸಲಕರಣೆಯ ಮೇಲೆ ಅತಿಯಾದ ಭರವಸೆಯನ್ನು ಹುಟ್ಟಿಸಿದುದರಲ್ಲಿ ಅದರ ಪುರಸ್ಕರ್ತರ ಪಾಲೂ ಇದ್ದಿತೆಂಬುದನ್ನು ಮರೆಯುವಂತಿಲ್ಲ. ಮುಂದೆ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಮೈಕೇಲ್ ಬಟಿಸ್ಟ ಇವರು ಪ್ರಾಥಮಿಕ ತರಗತಿಗಳಲ್ಲಿ ನಡೆಸಿದ ಅಧ್ಯಯನಗಳು ಈ ವಿವಾದದ ಮೇಲೆ ಹೆಚ್ಚು ಬೆಳಕನ್ನು ಬೀರಿದುವು. ಚೆನ್ನಾಗಿ ಯೋಚಿಸಿ ಜೋಡಿಸಿದ ಅಭ್ಯಾಸಗಳೂ, ಮಕ್ಕಳು ಮಾಡಿದುದನ್ನು ಕುರಿತು ಅವರೊಡನೆ ಮಾತನಾಡುವ ಉಪಾಧ್ಯಾಯರೂ ಇದ್ದಲ್ಲಿ, ಕೋನ, ಭುಜ, ಆಕೃತಿಗಳನ್ನು ಕುರಿತ ಮಕ್ಕಳ ತಿಳಿವು ಲೋಗೋವಿನಿಂದ ಬೆಳೆಯುತ್ತದೆ ಎಂಬುದು ಅವುಗಳಿಂದ ಹೊರಬಿದ್ದ ಅಂಶ. ಎಂದರೆ ಆಮೆಯು ಸರ್ವರೋಗಕ್ಕೂ ಮದ್ದಲ್ಲ. ತಕ್ಕ ಕೈಗಳಲ್ಲಿ ಜ್ಯಾಮಿತಿಯ ಒಳ್ಳೆಯ ಒಡನಾಡಿ.

ಶಾಲೆಗಳಲ್ಲಿ ಆದ ಇನ್ನೊಂದು ಬದಲಾವಣೆಯನ್ನು ಪೇಪರ್ಟರೇ ೧೯೯೩ರ ತಮ್ಮ ಗ್ರಂಥವೊಂದರಲ್ಲಿ ಗುರುತಿಸಿದ್ದಾರೆ. ಮೊದಲಲ್ಲಿ ತರಗತಿಯ ಒಂದು ಮೂಲೆಯಲ್ಲಿದ್ದು, ಆಸಕ್ತಿಯುಳ್ಳ ಉಪಾಧ್ಯಾಯರ ಕೈಯಲ್ಲಿ ಎಲ್ಲ ಪಾಠಗಳೊಡನೆಯೂ ಬೆರೆಯುತ್ತಿದ್ದ ಗಣಕಯಂತ್ರವನ್ನು, ಶಾಲೆಯ ಆಡಳಿತವು ಪ್ರತ್ಯೇಕವಾದ ಕೊಠಡಿಗೆ ಸಾಗಿಸಿತು. ಅದಕ್ಕೆ ಪ್ರತ್ಯೇಕ ಅವಧಿ, ಪ್ರತ್ಯೇಕ ಪಠ್ಯಕ್ರಮ, ಪ್ರತ್ಯೇಕ ಉಪಾಧ್ಯಾಯರು ಏರ್ಪಟ್ಟರು. ಶಾಲೆಯನ್ನು ಬದಲಿಸಲು ಬಂದ ಸಲಕರಣೆಯನ್ನು ಶಾಲೆಯೇ ಬದಲಿಸಿ, ತನ್ನ ಹಲವು ವಿಷಯಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಹೊಸ ವಿಚಾರಗಳು ಹಳೆಯ ಸಂಸ್ಥೆಗಳನ್ನು ಸೇರಿದಾಗ ಹೀಗಾಗುವುದು ಇತಿಹಾಸದಲ್ಲಿ ಅಪೂರ್ವವೇನೂ ಅಲ್ಲ.

ಆದರೂ ಮೂಲವಿಚಾರವು ಅಳಿಯಲಿಲ್ಲ. ಪೇಪರ್ಟರು ೨೦೧೬ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ಅವರ ವಿಚಾರವು ಬೇರೆ ಬೇರೆ ರೂಪಗಳನ್ನು ತಳೆದಿದ್ದಿತು. ಮಿಚೆಲ್ ರೆಸ್ನಿಕ್ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’ ತಂತ್ರಾಂಶದಲ್ಲಿ ಮಕ್ಕಳು ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯದೆ, ಬಣ್ಣದ ಇಟ್ಟಿಗೆಗಳಂತೆ ಒಂದಕ್ಕೊಂದು ಜೋಡಿಸುತ್ತಾರೆ. ಆಸ್ಟ್ರಿಯದ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ೨೦೦೧-೦೨ರಲ್ಲಿ ಸಾಲ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ತಮ್ಮ ಪ್ರಬಂಧಕ್ಕಾಗಿ ಆರಂಭಿಸಿದ ‘ಜಿಯೋಜೀಬ್ರ’ವು ಮತ್ತೊಂದು ಬಗೆಯದು. ಅದರಲ್ಲಿ ತ್ರಿಭುಜವೊಂದನ್ನು ಬರೆದು, ಒಂದು ಶೃಂಗವನ್ನು ಹಿಡಿದೆಳೆದರೆ ಆಕಾರವು ಬದಲಾಗುತ್ತದೆ, ಕೋನಗಳು ಬದಲಾಗುತ್ತವೆ. ಅವುಗಳ ಮೊತ್ತ ಮಾತ್ರ ೧೮೦ ಡಿಗ್ರಿಯಾಗಿಯೇ ಉಳಿಯುತ್ತದೆ. ಕಂಡುದೇ ಸಾಧನೆಯಲ್ಲವೆಂಬುದನ್ನು ಇಲ್ಲಿ ಎಚ್ಚರದಿಂದ ನೆನೆಯಬೇಕು. ಸಾವಿರ ತ್ರಿಭುಜಗಳಲ್ಲಿ ಮೊತ್ತವು ಸರಿಯಾಗಿ ಬಂದಿತೆಂಬುದು ಎಲ್ಲ ತ್ರಿಭುಜಗಳಲ್ಲಿಯೂ ಬರಬೇಕೆಂಬುದಕ್ಕೆ ಪ್ರಮಾಣವಾಗಲಾರದು. ಆದರೆ ಏಕೆ ಹೀಗೆ ಎಂಬ ಪ್ರಶ್ನೆಯು ಮನಸ್ಸಿನಲ್ಲಿ ಹುಟ್ಟದೆ ಪ್ರಮಾಣವನ್ನು ಅರಸುವವರು ಯಾರು? ಆ ಪ್ರಶ್ನೆಯನ್ನು ಹುಟ್ಟಿಸುವುದರಲ್ಲಿ ಇಂತಹ ತಂತ್ರಾಂಶಗಳ ಸಾರ್ಥಕತೆಯಿದೆ.

೫

ಲೋಗೋವಿನ ಈ ಕಥೆಯು ನಮಗೆ ದೂರದ್ದಲ್ಲ. ನಮ್ಮ ಹಲವು ಆಂಗ್ಲ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಪಠ್ಯಪುಸ್ತಕಗಳಲ್ಲಿ ಲೋಗೋ ಒಂದು ಅಧ್ಯಾಯವಾಗಿ ಬಂದಿದೆ. ಐದನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗಳ ಪುಸ್ತಕವನ್ನು ಒಮ್ಮೆ ನೋಡುವ ಸಂದರ್ಭ ಒದಗಿತು. ‘ಎಫ್‌ಡಿ’ ಎಂಬುದರ ವಿಸ್ತೃತ ರೂಪವೇನು, ‘ಆರ್‌ಟಿ’ ಎಂಬುದರ ವಿಸ್ತೃತ ರೂಪವೇನು ಎಂಬ ಪ್ರಶ್ನೆಗಳಿಗೆ ಅವಳು ಅಂದವಾದ ಅಕ್ಷರಗಳಲ್ಲಿ ಉತ್ತರ ಬರೆದು ಪೂರ್ಣಾಂಕಗಳನ್ನು ಪಡೆದಿದ್ದಳು. ತ್ರಿಭುಜವನ್ನು ಬರೆಯಿಸಲು ಆಮೆಯು ಎಷ್ಟು ತಿರುಗಬೇಕೆಂದು ಕೇಳಿದೆನು. ಪುಸ್ತಕದಲ್ಲಿ ೧೨೦ ಎಂದಿದೆ ಎಂದಳು. ಏಕೆ ಎಂದುದಕ್ಕೆ, “ಅದನ್ನ ಪರೀಕ್ಷೆಗೆ ಕೇಳೋದಿಲ್ಲ, ಮಾಮ” ಎಂಬ ಉತ್ತರ ಬಂದಿತು. ಬಾಯಿಪಾಠದಿಂದ ಬಿಡಿಸಲೆಂದು ಹುಟ್ಟಿದ ಭಾಷೆಯು ಬಾಯಿಪಾಠದ ವಿಷಯವಾಗಿ ಪರಿಣಮಿಸಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ನನಗೆ ಬೇಕಾಗಲಿಲ್ಲ.

ಕೆಲವು ದಿನಗಳ ಬಳಿಕ ನಮ್ಮ ಕಾಲೇಜಿನ ಇತಿಹಾಸ ವಿಭಾಗದ ವಿದ್ಯಾರ್ಥಿಗಳೊಡನೆ ಒಂದು ಸಂಜೆ ಈ ಪ್ರಯೋಗವನ್ನು ಮಾಡಿದೆನು. ಯಂತ್ರವೇನೂ ಇರಲಿಲ್ಲ; ಸೀಮೆಸುಣ್ಣದ ತುಂಡು, ಕಾಲೇಜಿನ ಅಂಗಳ, ಇಷ್ಟೆ. ವಿದ್ಯಾರ್ಥಿಯೊಬ್ಬನು ಆಮೆಯಾದನು, ಉಳಿದವರು ಕನ್ನಡದಲ್ಲಿ ಆಜ್ಞೆಗಳನ್ನು ಕೊಟ್ಟರು. ಎಲ್ಲರೂ ಅರವತ್ತು ಎಂದರು, ಗೆರೆಗಳು ಕೂಡಲಿಲ್ಲ, ನಗೆಯೆದ್ದಿತು. ಅನಂತರ ವಾದವೂ ಎದ್ದಿತು. ಅರ್ಧ ಗಂಟೆಯಲ್ಲಿ, ಗಣಿತವನ್ನು ಬಿಟ್ಟು ಐದಾರು ವರ್ಷಗಳಾಗಿದ್ದ ವಿದ್ಯಾರ್ಥಿನಿಯೊಬ್ಬಳು ಅಂಗಳವನ್ನು ಒಂದು ಸುತ್ತು ಬಂದು, “ಸರ್, ಹೇಗೆ ಸುತ್ತಿದರೂ ಕೊನೆಗೆ ನಾನು ತಿರುಗುವುದು ಒಂದೇ ಸುತ್ತಲ್ಲವೆ?” ಎಂದಳು. ಹೊರಕೋನಗಳ ಮೊತ್ತದ ಪ್ರಮೇಯವನ್ನು ಅವಳು ಹೈಸ್ಕೂಲಿನಲ್ಲಿ ಓದಿಯೇ ಇದ್ದಳು. ಆದರೆ ಅದು ಅವಳದಾದುದು ಆ ಸಂಜೆ. ಒಂದು ಸಂಜೆಯ ಪ್ರಯೋಗದಿಂದ ಸಿದ್ಧಾಂತವನ್ನು ಕಟ್ಟುವುದು ಉಚಿತವಲ್ಲವೆಂದು ಬಲ್ಲೆನು. ಸಲಕರಣೆಗಿಂತ ಅದರ ಹಿಂದಿನ ವಿಚಾರವು ಮುಖ್ಯವೆಂಬುದಕ್ಕೆ ಉದಾಹರಣೆಯಾಗಿ ಮಾತ್ರ ಇದನ್ನು ಹೇಳಿದ್ದೇನೆ.

ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕಾಗಿದೆ. ಆಜ್ಞೆಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿರ್ಬಂಧವು ಆಮೆಗೆ ಇಲ್ಲ. ಉಚಿತವಾಗಿ ದೊರೆಯುವ ‘ಕೆಟರ್ಟಲ್’ ಎಂಬ ತಂತ್ರಾಂಶವು ಆಜ್ಞಾಪದಗಳನ್ನೇ ಬೇರೆ ಭಾಷೆಗಳಿಗೆ ಅನುವಾದಿಸಿಕೊಳ್ಳಲು ಅವಕಾಶವಿರುವಂತೆ ರಚಿತವಾಗಿದೆ. ಮಗುವು ದೇಹದಿಂದ ಬಲ್ಲ ‘ಮುಂದೆ’, ‘ಬಲಕ್ಕೆ’ ಎಂಬ ಮಾತುಗಳಿಗೂ ತೆರೆಯ ಮೇಲಿನ ಗೆರೆಗೂ ನಡುವೆ ಮತ್ತೊಂದು ಭಾಷೆಯು ಅಡ್ಡನಿಂತರೆ, ದೇಹದ ಅನುಭವದಿಂದ ಗಣಿತಕ್ಕೆ ಹಾದಿಯೆಂಬ ಮೂಲ ಉದ್ದೇಶವೇ ಕುಂಠಿತವಾಗುತ್ತದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂತಹ ಪ್ರಯತ್ನಗಳನ್ನು ಕೈಗೊಳ್ಳುವವರು ಇದನ್ನು ಮೊದಲು ಯೋಚಿಸಬೇಕು.

ರಾಜಾದಿತ್ಯನಿಂದ ಕಾರಂತರವರೆಗಿನವರು ವಿದ್ಯೆಯನ್ನು ಜನರ ಭಾಷೆಗೆ ತಂದರು. ಪೇಪರ್ಟರೂ ಅವರ ಸಂಗಡಿಗರೂ ಅದನ್ನು ಕಲಿಯುವವರ ಕೈಗೂ ಕಾಲಿಗೂ ತಂದರು. ಈ ಎರಡು ಕೆಲಸಗಳೂ ಒಂದನ್ನೊಂದು ಬಯಸುತ್ತವೆ. ಎರಡೂ ಕೊನೆಗೆ ತರಗತಿಯಲ್ಲಿ ನಿಂತ ಅಧ್ಯಾಪಕನನ್ನು ಬಯಸುತ್ತವೆ. ಮಗುವು ತಪ್ಪಿದಾಗ ಕೆಂಪುಗೆರೆಯನ್ನೆಳೆಯುವ ಮೊದಲು, “ಎಲ್ಲಿ ತಿರುಗಿದೆ, ನಡೆದು ತೋರಿಸು” ಎಂದು ಕೇಳುವ ತಾಳ್ಮೆಯನ್ನು ಯಾವ ತಂತ್ರಾಂಶವೂ ಅವನಿಗೆ ಕೊಡಲಾರದು. ಆ ತಾಳ್ಮೆಯಿರುವಲ್ಲಿ ಒಂದು ಸೀಮೆಸುಣ್ಣದ ತುಂಡಿನಿಂದಲೂ ಕೆಲಸವನ್ನು ಆರಂಭಿಸಬಹುದು.